ಡಾ. ವಿ. ಎಂ. ಘಾಟಗೆ

ಬೆಂಗಳೂರಿನಿಂದ ವೈಟ್‌ಫೀಲ್ಡಿನ ಕಡೆಗೆ ಸಾಗುವ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ವಿಶಾಲವಾದ ಆವರಣವಿದೆ. ಇಂದು ಆ ಭಾಗದಲ್ಲಿ ಎತ್ತ ನೋಡಿದರೂ ಮುಗಿಲೆತ್ತರದ ಕಟ್ಟಡಗಳು ಕಾಣುತ್ತವೆ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಈ ಕಾರ್ಖಾನೆಯನ್ನು ಸ್ಥಾಪಿಸಿದಾಗ ಅದು ಕೆರೆ ಹೊಲಗಳ ನಡುವಣ ಬಯಲಾಗಿತ್ತು. ಆ ಬಯಲಿನಿಂದ ಭಾರತೀಯರೇ ರೂಪಿಸಿದ ವಿಮಾನಗಳು ಮೇಲೇರುವಂತೆ ಮಾಡಿದ ಹಿರಿಯರಲ್ಲಿ ಡಾ. ವಿಷ್ಣು ಮಾಧವ ಘಾಟಗೆಯವರು ಅಗ್ರಗಣ್ಯರು.

ಘಾಟಗೆಯವರು 1908ರ ಅಕ್ಟೋಬರ್ 24ರಂದು ಇಂದಿನ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದರು. ಆ ಹಳ್ಳಿ ಕನ್ನಡ ನಾಡಿನ ಗಡಿಗೆ ಸಮೀಪವಾದುದು. ಉನ್ನತ ವ್ಯಾಸಂಗಕ್ಕಾಗಿ ಅವರು ಜರ್ಮನಿಯ ಗಾಟಿಂಗೆನ್ ನಗರಕ್ಕೆ ತೆರಳಿ, ವಾಯುಗತಿ ವಿಜ್ಞಾನದ ಪಿತಾಮಹರಲ್ಲಿ ಒಬ್ಬರೆನಿಸಿದ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅಂತಹ ವಿದ್ಯೆಯನ್ನು ಬಳಸಿಕೊಳ್ಳಬಲ್ಲ ವಿಮಾನ ಕಾರ್ಖಾನೆ ಆಗ ಭಾರತದಲ್ಲಿ ಒಂದೂ ಇರಲಿಲ್ಲ. ಬೆಂಗಳೂರಿನಲ್ಲಿ ಕಾರ್ಖಾನೆ ಪ್ರಾರಂಭವಾದಾಗ ಅವರು ಅಲ್ಲಿಗೆ ಬಂದು ಸೇರಿದರು. ಹತ್ತು ಮಂದಿ ಕುಳಿತುಕೊಳ್ಳಬಹುದಾದ ಗ್ಲೈಡರ್ ಅವರ ಮೊದಲ ಕೃತಿ. ಎಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ವಾಹನ ಅದು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಕಟ್ಟುವ ಹೊಣೆಯೂ ಅವರದಾಯಿತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧದ ಬಿಸಿ ಭಾರತಕ್ಕೂ ತಟ್ಟಿತು. ಹೊಸ ವಿಮಾನಗಳ ನಿರ್ಮಾಣ ಹಿಂದೆ ಸರಿದು, ಕಾರ್ಖಾನೆ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯ ಕೇಂದ್ರವಾಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ಸಮೀಪದ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅಂತಹ ಒಂದೊಂದು ವಿಮಾನಕ್ಕೂ ಎರಡು ಎಂಜಿನ್, ಒಂದೊಂದು ಎಂಜಿನ್ನಿಗೂ 14 ಸಿಲಿಂಡರ್. ಅವನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸದಲ್ಲಿ ನಮ್ಮ ಕಾರ್ಮಿಕರು ಪಳಗಿದರು. ಹೀಗೆ ಈ ನೆಲದಲ್ಲಿ ವಿಮಾನವನ್ನು ಕಟ್ಟುವ ವಿದ್ಯೆಗಿಂತ ಮೊದಲು ಅದನ್ನು ಕಾಪಾಡುವ ವಿದ್ಯೆ ಬೇರೂರಿತು.

ದೇಶ ಸ್ವತಂತ್ರವಾದ ಮೇಲೆ ಹೊಸ ಪೈಲಟ್‌ಗಳನ್ನು ತರಬೇತುಗೊಳಿಸಲು ವಿಮಾನಗಳು ಬೇಕಾದವು. ಅದುವರೆಗೆ ಬಳಕೆಯಲ್ಲಿದ್ದವು ವಿದೇಶದಲ್ಲಿ ರೂಪುಗೊಂಡ ವಿಮಾನಗಳು. ಘಾಟಗೆಯವರ ನೇತೃತ್ವದಲ್ಲಿ ಎಚ್.ಟಿ.-2 ಎಂಬ ಲೋಹದ ಹಗುರ ವಿಮಾನ ಸಿದ್ಧವಾಯಿತು. ಅದರಲ್ಲಿ ಗುರು, ಶಿಷ್ಯರಿಬ್ಬರು ಹಿಂದೆ ಮುಂದೆ ಕುಳಿತುಕೊಳ್ಳಬಹುದಾಗಿತ್ತು. 1951ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಪ್ಟನ್ ಮುನ್ಷಿಯವರು ಅದನ್ನು ಮೊದಲ ಬಾರಿಗೆ ಹಾರಿಸಿದರು. ಒಂದೂವರೆ ನೂರಕ್ಕೂ ಹೆಚ್ಚು ಎಚ್.ಟಿ.-2 ವಿಮಾನಗಳು ನಿರ್ಮಾಣಗೊಂಡವು. ಆಫ್ರಿಕದ ಘಾನಾ ದೇಶವೂ ಅವುಗಳಲ್ಲಿ ಕೆಲವನ್ನು ಪಡೆಯಿತು.

ಈ ವಿಮಾನಕ್ಕೆ ಅಳವಡಿಸಿದ್ದು 155 ಅಶ್ವಶಕ್ತಿಯ, ನಾಲ್ಕು ಸಿಲಿಂಡರುಗಳ ಇಂಗ್ಲಿಷ್ ಎಂಜಿನ್. ಒಂದೇ ಎಂಜಿನ್ನುಳ್ಳ ವಿಮಾನ, ಅದನ್ನು ನಡೆಸುವವನು ಇನ್ನೂ ಕಲಿಯುತ್ತಿರುವ ತರುಣ. ರಸ್ತೆಯಲ್ಲಿ ಮೋಟಾರು ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಬಹುದು. ಆಕಾಶದಲ್ಲಿ ಅದು ಸಾಧ್ಯವೇ? ಆದುದರಿಂದಲೇ ವಿಮಾನದ ಎಂಜಿನ್ನನ್ನು ಕೆಟ್ಟ ಮೇಲೆ ನೋಡುವುದಲ್ಲ, ಕೆಡುವ ಮೊದಲೇ ನೋಡಬೇಕು. ಎಚ್.ಟಿ.-2ರ ಎಂಜಿನ್ನಿನಲ್ಲಿ ಸಿಲಿಂಡರುಗಳು ತಲೆಕೆಳಗಾಗಿದ್ದವು. ಇಂತಹ ಎಂಜಿನ್ ನಿಂತಿರುವಾಗ ಎಣ್ಣೆ ಜಿನುಗಿ ಸಿಲಿಂಡರಿನೊಳಗೆ ಸೇರಬಹುದು; ಹಾಗೆಯೇ ಚಾಲನೆ ಮಾಡಿದರೆ ಒಳಗಿನ ದಂಡವೇ ಬಾಗಬಹುದು. ಅದಕ್ಕಾಗಿ ಮೆಕ್ಯಾನಿಕ್ ಮೊದಲು ಸ್ವಿಚ್ ಆರಿಸಿ ಪಂಖವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಪರೀಕ್ಷಿಸುತ್ತಾನೆ. ಪೆಟ್ರೋಲಿನಲ್ಲಿ ನೀರು ಬೆರೆತಿದೆಯೇ ಎಂದು ತೊಟ್ಟಿಯ ತಳದಿಂದ ಸ್ವಲ್ಪ ತೆಗೆದು ನೋಡುತ್ತಾನೆ. ಕಿಡಿ ಹೊತ್ತಿಸಲು ಎಂಜಿನ್ನಿಗೆ ಎರಡು ಮ್ಯಾಗ್ನೆಟೊಗಳಿರುತ್ತವೆ. ಒಂದು ಸೋತರೆ ಇನ್ನೊಂದು ಕಾಯುತ್ತದೆ. ಮೇಲೇರುವ ಮುನ್ನ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ನಿಯಮ. ಹಾರಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ನಿಗದಿಯಾದ ಗಂಟೆಗಳು ತುಂಬಿದಾಗ ಎಣ್ಣೆಯನ್ನು ಬದಲಿಸಬೇಕು, ಪ್ಲಗ್ಗುಗಳನ್ನು ಶುಚಿಗೊಳಿಸಬೇಕು, ಸೋಸುಕದಲ್ಲಿ ಲೋಹದ ಚೂರುಗಳಿವೆಯೇ ಎಂದು ಹುಡುಕಬೇಕು. ಚೂರು ಕಂಡರೆ ಒಳಗೆ ಯಾವುದೋ ಭಾಗ ಸವೆಯುತ್ತಿದೆ ಎಂದರ್ಥ. ಪರೀಕ್ಷಿಸಿದವನು ಪುಸ್ತಕದಲ್ಲಿ ಸಹಿ ಹಾಕಬೇಕು. ಆ ಸಹಿಯನ್ನು ನಂಬಿಯೇ ತರುಣನೊಬ್ಬನು ಮೊದಲ ಬಾರಿಗೆ ಒಂಟಿಯಾಗಿ ಆಕಾಶಕ್ಕೇರುತ್ತಾನೆ.

ಘಾಟಗೆಯವರ ಮಾರ್ಗದರ್ಶನದಲ್ಲಿ ಮತ್ತಷ್ಟು ವಿಮಾನಗಳು ರೂಪುಗೊಂಡವು. 1958ರಲ್ಲಿ ಹಾರಿದ ಪುಷ್ಪಕ ಕೇವಲ 90 ಅಶ್ವಶಕ್ತಿಯ ಪುಟ್ಟ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅಸಂಖ್ಯ ತರುಣರು ಅದರಲ್ಲಿ ಹಾರಲು ಕಲಿತರು. 1959ರಲ್ಲಿ ಕೃಷಕ್, 1964ರಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಹಾರಿದವು. 1965ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 1991ರಲ್ಲಿ ಅವರು ನಿಧನರಾದರು.

ಘಾಟಗೆಯವರು ರೂಪಿಸಿದ ಎಚ್.ಟಿ.-2 ವಿಮಾನಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಭಾರತೀಯ ವಾಯುಪಡೆಯ ಸೇವೆಯಲ್ಲಿದ್ದವು. ಇಷ್ಟು ದೀರ್ಘಕಾಲ ಒಂದು ಯಂತ್ರ ಬಾಳಲು ರೂಪಿಸಿದವರ ಪಾಂಡಿತ್ಯವೊಂದೇ ಸಾಲದು. ದಿನವೂ ಮುಂಜಾನೆ ಎಂಜಿನ್ನಿನ ಮುಚ್ಚಳ ತೆರೆದು, ಎಣ್ಣೆ ಮೆತ್ತಿದ ಕೈಗಳಿಂದ ಒಂದೊಂದು ಭಾಗವನ್ನೂ ಮುಟ್ಟಿ ನೋಡುತ್ತಿದ್ದ ಅನಾಮಿಕ ಮೆಕ್ಯಾನಿಕ್‌ಗಳ ನಿಷ್ಠೆಯೂ ಅದರಲ್ಲಿ ಸೇರಿದೆ. ವಿದ್ಯೆ ವಿಮಾನಕ್ಕೆ ರೆಕ್ಕೆಯನ್ನು ಕೊಟ್ಟರೆ, ಎಚ್ಚರ ಅದನ್ನು ಕ್ಷೇಮವಾಗಿ ನೆಲಕ್ಕೆ ಮರಳಿಸುತ್ತದೆ.