ನಳದುರ್ಗದ ಟೇಲರ್ ಸಾಹೇಬರು ಮತ್ತು ಅವರ ವಂಶಾವಳಿ

ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದು ಸುಮಾರು 45 ಕಿಲೋಮೀಟರ್ ಹೋದರೆ ನಳದುರ್ಗದ ಕೋಟೆ ಸಿಗುತ್ತದೆ. ಬೋರಿ ನದಿಗೆ ಅಡ್ಡಲಾಗಿ ಆದಿಲ್‌ಶಾಹಿಗಳು ಕಟ್ಟಿಸಿದ ಕಲ್ಲಿನ ಒಡ್ಡು, ಅದರ ಹೊಟ್ಟೆಯೊಳಗಿನ ಪಾಣಿ ಮಹಲು, ಮಳೆಗಾಲದಲ್ಲಿ ಧುಮ್ಮಿಕ್ಕುವ ನೀರು, ಇವನ್ನು ನೋಡಲು ನಮ್ಮ ಕಡೆಯ ಜನ ಬುತ್ತಿ ಕಟ್ಟಿಕೊಂಡು ಹೋಗುವುದುಂಟು. ಅದೇ ಬೋರಿ ಮುಂದೆ ಅಕ್ಕಲಕೋಟೆ ತಾಲ್ಲೂಕಿನ ಹೊಲಗಳನ್ನು ಹಾಯ್ದು ಭೀಮೆಯನ್ನು ಸೇರುತ್ತದೆ. ಈ ಕೋಟೆಯಲ್ಲಿ 1853ರಿಂದ 1857ರವರೆಗೆ ಒಬ್ಬ ಇಂಗ್ಲಿಷ್ ಅಧಿಕಾರಿ ಇದ್ದು ಜಿಲ್ಲೆಯ ಆಡಳಿತ ನೋಡಿಕೊಂಡರು. ಅವರೇ ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಸಂಸ್ಥಾನದ ಚರಿತ್ರೆ ಓದಿದವರಿಗೆ ಅವರ ಹೆಸರು ಗೊತ್ತು. ಅವರ ಮನೆತನದ ಕಥೆ ಮಾತ್ರ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಈ ಸಂಚಿಕೆಯಲ್ಲಿ ಅದನ್ನೇ ಹೇಳಬೇಕೆಂದಿದ್ದೇವೆ.

ಮೆಡೋಸ್ ಎಂಬ ಹೆಸರು

ಟೇಲರ್ ಎಂಬುದು ತಂದೆಯ ಕಡೆಯಿಂದ ಬಂದ ಮನೆತನದ ಹೆಸರು. ನಡುವೆ ಇರುವ ಮೆಡೋಸ್ ಎಲ್ಲಿಂದ ಬಂತು? ಇದನ್ನು ತಿಳಿಯಲು ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಇಂಗ್ಲೆಂಡಿನ ಪೂರ್ವಕ್ಕೆ ಸಫೊಕ್ ಎಂಬ ಸೀಮೆ. ಅಲ್ಲಿನ ಚಾಟಿಶಮ್ ಎಂಬ ಹಳ್ಳಿಯಲ್ಲಿ 17ನೆಯ ಶತಮಾನದಲ್ಲಿ ಡೇನಿಯಲ್ ಮೆಡೋಸ್ ಎಂಬ ಜಮೀನ್ದಾರರಿದ್ದರು. ನಮ್ಮ ಕಡೆಯ ದೇಸಾಯರು, ಗೌಡರಂತೆ ಹೊಲಮನೆ, ಹೆಸರು ಎರಡೂ ಇದ್ದ ಮನೆ. ಅವರ ಮಕ್ಕಳಲ್ಲಿ ಇಬ್ಬರು ಬೇರೆ ಬೇರೆ ದಾರಿ ಹಿಡಿದರು. ಫಿಲಿಪ್ ಎಂಬವರು ಕ್ರಾಮ್‌ವೆಲ್ಲನ ಸರಕಾರದಲ್ಲಿ ರಾಯಭಾರಿಯಾಗಿ ಪರದೇಶಗಳಿಗೆ ಹೋಗಿ, ಮುಂದೆ ಸರ್ ಎಂಬ ಬಿರುದು ಪಡೆದರು. ಜಾನ್ ಎಂಬವರು (1622–1697) ಔಸ್ಡನ್ ಎಂಬ ಊರಿನಲ್ಲಿ ಸಭಾಪಾಲಕರಾದರು. 1662ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ಸರಕಾರ ಗೊತ್ತುಮಾಡಿದ ಪ್ರಾರ್ಥನಾ ಪುಸ್ತಕವನ್ನು ಪೂರ್ತಿಯಾಗಿ ಒಪ್ಪದ ಸಭಾಪಾಲಕರು ಮನೆಯನ್ನೂ ಸಂಬಳವನ್ನೂ ಬಿಟ್ಟು ಹೋಗಬೇಕಾಯಿತು. ಸುಮಾರು 2000 ಜನ ಹಾಗೆ ಹೊರಬಿದ್ದರು. ಜಾನ್ ಮೆಡೋಸ್ ಅವರಲ್ಲೊಬ್ಬರು.

ಈ ವಂಶದಲ್ಲಿ ಮುಂದೆ ಹುಟ್ಟಿದ ಇನ್ನೊಬ್ಬ ಫಿಲಿಪ್ ಮೆಡೋಸ್ 1734ರಲ್ಲಿ ನಾರ್ವಿಚ್ ನಗರದ ಮೇಯರ್ ಆದರು. ಅವರ ಹೆಣ್ಣುಮಕ್ಕಳಲ್ಲಿ ಇಬ್ಬರು ಮಾರ್ಗರೆಟ್ ಮತ್ತು ಸಾರಾ. ಮಾರ್ಗರೆಟ್‌ರನ್ನು ರಿಚರ್ಡ್ ಟೇಲರ್ ಎಂಬವರಿಗೆ ಕೊಟ್ಟರು. ಸಾರಾ ಅವರನ್ನು ಡೇವಿಡ್ ಮಾರ್ಟಿನೋ ಎಂಬ ವೈದ್ಯರಿಗೆ ಕೊಟ್ಟರು. ಮಾರ್ಗರೆಟ್ ತನ್ನ ತವರಿನ ಹೆಸರನ್ನು ಗಂಡನ ಮನೆಗೆ ತಂದರು. ಆಕೆಯ ಮೊಮ್ಮಗನಿಗೂ ಮರಿಮಗನಿಗೂ ಅದನ್ನೇ ಇಟ್ಟರು. ಆ ಮರಿಮಗನೇ ನಮ್ಮ ನಳದುರ್ಗದ ಸಾಹೇಬರು. ಒಬ್ಬ ಸೊಸೆಯ ತವರಿನ ನೆನಪು ಹೀಗೆ ಬೋರಿ ನದಿಯ ದಂಡೆಗೆ ಬಂದು ಮುಟ್ಟಿತು.

ಟೇಲರ್ ಮನೆತನ

ಮಾರ್ಗರೆಟ್‌ರ ಮಾವ ಜಾನ್ ಟೇಲರ್ (1694–1761) ಹೀಬ್ರೂ ಭಾಷೆಯ ದೊಡ್ಡ ಪಂಡಿತರು. ಹಳೆಯ ಒಡಂಬಡಿಕೆಯ ಹೀಬ್ರೂ ಪದಗಳೆಲ್ಲ ಎಲ್ಲೆಲ್ಲಿ ಬರುತ್ತವೆ ಎಂಬ ಪದಸೂಚಿಯನ್ನು ಎರಡು ದೊಡ್ಡ ಸಂಪುಟಗಳಲ್ಲಿ ಸಿದ್ಧಪಡಿಸಿದವರು. ಮೆಡೋಸ್ ಮನೆಯವರಂತೆ ಇವರೂ ರಾಜಮನ್ನಣೆಯ ಸಭೆಯಿಂದ ಹೊರಗಿದ್ದವರು. ಇಂಥವರಿಗೆ ಆಗಿನ ಇಂಗ್ಲೆಂಡಿನಲ್ಲಿ ಸರಕಾರಿ ಹುದ್ದೆ ಸುಲಭವಿರಲಿಲ್ಲ, ಹಳೆಯ ವಿಶ್ವವಿದ್ಯಾಲಯಗಳ ಪದವಿಯೂ ಸಿಗುತ್ತಿರಲಿಲ್ಲ. ಕಥೋಲಿಕರ ಸ್ಥಿತಿ ಇನ್ನೂ ಕಷ್ಟದ್ದು. ಸರಕಾರಿ ಹುದ್ದೆಗಿದ್ದ ಅಡ್ಡಿಗಳು ಹೆಚ್ಚಾಗಿ ತೆಗೆದುಹೋದದ್ದು 1828 ಮತ್ತು 1829ರ ಕಾನೂನುಗಳಿಂದ. ಹೀಗಾಗಿ ಟೇಲರ್ ಮನೆಯ ಮಕ್ಕಳು ಹುದ್ದೆಗೆ ಕಾಯದೆ ಓದು, ಬರಹ, ಮುದ್ರಣ, ಯಂತ್ರ, ವ್ಯಾಪಾರ ಇವುಗಳಲ್ಲಿ ಬೆಳೆದರು.

ಮಾರ್ಗರೆಟ್‌ರಿಗೆ ಫಿಲಿಪ್ (1747–1831) ಮತ್ತು ಜಾನ್ (1750–1826) ಎಂಬ ಗಂಡುಮಕ್ಕಳಿದ್ದರು. ಫಿಲಿಪ್ ಡಬ್ಲಿನ್‌ನಲ್ಲಿ ಸಭಾಪಾಲಕರಾದರು. ಅವರು ನಮ್ಮ ಟೇಲರ್ ಸಾಹೇಬರ ಅಜ್ಜ. ಜಾನ್ ನಾರ್ವಿಚ್‌ನಲ್ಲೇ ಉಳಿದರು. ಅವರ ಮಕ್ಕಳು ಒಬ್ಬರಿಗಿಂತ ಒಬ್ಬರು ಹೆಸರುವಾಸಿ. ರಿಚರ್ಡ್ ಲಂಡನ್ನಿನಲ್ಲಿ ಮುದ್ರಣಾಲಯ ನಡೆಸಿದರು. ಇಂದಿಗೂ ಕಾಲೇಜಿನ ಮಕ್ಕಳು ಪುಸ್ತಕಗಳ ಮೇಲೆ ನೋಡುವ ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಹೆಸರಿನ ಟೇಲರ್ ಅವರೇ. ಹಿರಿಯ ಮಗ ಜಾನ್ (1779–1863) ಗಣಿ ಎಂಜಿನಿಯರ್. ಅವರು ಕಟ್ಟಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯೇ ಅವರ ತರುವಾಯ 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳ ಆಡಳಿತ ನಡೆಸಿತು. 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೂ ಅದು ಅಲ್ಲಿತ್ತು. ಒಂದೇ ಮನೆಯ ಒಂದು ಕೊಂಬೆ ಸುರಪುರಕ್ಕೆ, ಇನ್ನೊಂದು ಕೆ.ಜಿ.ಎಫ್.ಗೆ ಬಂದು ಕನ್ನಡ ನಾಡಿನ ಎರಡು ತುದಿಗಳನ್ನು ಮುಟ್ಟಿತು. ಮಾರ್ಗರೆಟ್‌ರ ಸಹೋದರಿ ಸಾರಾ ಅವರ ಮೊಮ್ಮಗಳು ಹ್ಯಾರಿಯೆಟ್ ಮಾರ್ಟಿನೋ, ಆ ಕಾಲದ ಪ್ರಸಿದ್ಧ ಲೇಖಕಿ.

ಹದಿನೈದು ವರ್ಷದ ಹುಡುಗ

ಡಬ್ಲಿನ್ ಅಜ್ಜನ ಮಗ ಲಿವರ್‌ಪೂಲ್‌ನಲ್ಲಿ ವ್ಯಾಪಾರಿ. ಅವರ ಹೆಂಡತಿ ಹಾನೋರಿಯಾ, ಉತ್ತರದ ನಾರ್ಥಂಬರ್ಲಂಡ್‌ನ ಮಿಟ್‌ಫರ್ಡ್ ಕೋಟೆಯ ಮನೆತನದವರು. ಬಹಳ ಹಿಂದಿನಿಂದ ಅಲ್ಲೇ ನೆಲೆಸಿದವರೆಂದು ಹೇಳಿಕೊಳ್ಳುವ ಹಳೆಯ ಮನೆ ಅದು. ಈ ದಂಪತಿಗಳಿಗೆ 1808ರ ಸೆಪ್ಟೆಂಬರ್ 25ರಂದು ಹುಟ್ಟಿದವರು ಫಿಲಿಪ್ ಮೆಡೋಸ್ ಟೇಲರ್.

ಎರಡೂ ಕಡೆ ಹೆಸರಿತ್ತು, ಮನೆಯಲ್ಲಿ ಹಣವಿರಲಿಲ್ಲ. ತಂದೆಯ ವ್ಯಾಪಾರ ಕುಸಿಯಿತು. 1824ರಲ್ಲಿ, ಹದಿನೈದು ವರ್ಷದ ಹುಡುಗನನ್ನು ಮುಂಬಯಿಯ ಒಬ್ಬ ವರ್ತಕನ ಬಳಿ ಕೆಲಸಕ್ಕೆಂದು ಹಡಗು ಹತ್ತಿಸಿದರು. ಇಲ್ಲಿ ಬಂದು ನೋಡಿದರೆ ಆ ಅಂಗಡಿಯೂ ಮುಳುಗುವ ಸ್ಥಿತಿಯಲ್ಲಿತ್ತು. ತಾಯಿಯ ಮನೆತನವೂ ಮುತ್ತಜ್ಜನ ಪಾಂಡಿತ್ಯವೂ ಅಲ್ಲಿ ಹೊಟ್ಟೆ ತುಂಬಿಸಲಿಲ್ಲ. ಮುಂಬಯಿ ಸರಕಾರದಲ್ಲಿದ್ದ ಒಬ್ಬ ಬಂಧು ಕೈಹಿಡಿದು, ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಕೊಡಿಸಿದರು. ಅದು ಕಂಪನಿ ಸರಕಾರದ ನೇರ ನೌಕರಿಯಲ್ಲ. ಕಂಪನಿಯ ಅಧಿಕಾರಿಗಳಿಗಿದ್ದ ಸ್ಥಾನಮಾನ ಇಂಥ ನೌಕರರಿಗೆ ಇರಲಿಲ್ಲ. ಈ ಕೊರತೆ ಟೇಲರ್ ಅವರನ್ನು ಬದುಕಿನುದ್ದಕ್ಕೂ ಕಾಡಿತು.

ಆ ಕೊರತೆಯನ್ನು ಅವರು ದುಡಿಮೆಯಿಂದ ತುಂಬಿದರು. ಇಲ್ಲಿನ ಭಾಷೆ ಕಲಿತರು, ಪೊಲೀಸ್ ಕೆಲಸದಲ್ಲಿ ಊರೂರು ತಿರುಗಿದರು. ದಾರಿಹೋಕರನ್ನು ಕೊಲ್ಲುವ ಠಕ್ಕರ ಜಾಡು ಅವರಿಗೆ ಸಿಕ್ಕಿತು. ಮುಂದೆ ಆ ಅನುಭವದಿಂದಲೇ 1839ರಲ್ಲಿ ಕನ್ಫೆಷನ್ಸ್ ಆಫ್ ಎ ಥಗ್ ಎಂಬ ಕಾದಂಬರಿ ಬಂದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಮುಂದೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಇಲ್ಲಿಂದ ಬರೆಯುವ ಅವಕಾಶವೂ ಒದಗಿತು. ಆ ಪತ್ರಿಕೆಯ ಜೊತೆ ನಿಕಟ ಸಂಬಂಧವಿದ್ದ ಹೆನ್ರಿ ರೀವ್ ಅವರು ನಾರ್ವಿಚ್ ಜಾನ್ ಟೇಲರ್‌ರ ಮಗಳ ಮಗ, ಅಂದರೆ ಇವರಿಗೆ ದೂರದ ಸಂಬಂಧಿ.

ಹೈದರಾಬಾದಿನ ಬೀಗತನ

1832ರಲ್ಲಿ ಟೇಲರ್ ಅವರು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ರ ಮಗಳು ಮೇರಿಯನ್ನು ಮದುವೆಯಾದರು. ಪಾಮರ್‌ರ ತಂದೆ ಕಂಪನಿಯ ಜನರಲ್. ತಾಯಿ ಫೈಜ್ ಬಕ್ಷ್ ಬೇಗಂ, ಮುಸ್ಲಿಂ ಹೆಣ್ಣುಮಗಳು. ಭಾರತೀಯ ತಾಯಿಯ ಮಕ್ಕಳು ಕಂಪನಿಯ ದೊಡ್ಡ ನೌಕರಿಗೆ ಬೇಡವೆಂದು 1791ರಲ್ಲೇ ನಿಯಮವಾಗಿತ್ತು. ಆದ್ದರಿಂದ ವಿಲಿಯಂ ಪಾಮರ್ ನಿಜಾಮರ ಕಡೆ ಸೇರಿ, ಆಮೇಲೆ ಹುಂಡಿ ವ್ಯವಹಾರ ಮಾಡಿದರು. ನಾರ್ವಿಚ್‌ನ ಟೇಲರ್‌ರಿಗೂ ಹೈದರಾಬಾದಿನ ಪಾಮರ್‌ರಿಗೂ ಇದ್ದ ಹೋಲಿಕೆ ನಮಗೆ ಇಲ್ಲಿ ಕಾಣುತ್ತದೆ. ಒಬ್ಬರಿಗೆ ಪ್ರಾರ್ಥನೆಯ ಕಾರಣದಿಂದ, ಇನ್ನೊಬ್ಬರಿಗೆ ತಾಯಿಯ ಕಾರಣದಿಂದ ಬಾಗಿಲು ಮುಚ್ಚಿತ್ತು.

ಮೇರಿ 1844ರಲ್ಲಿ ತೀರಿಕೊಂಡರು. ಚಿಕ್ಕ ಮಕ್ಕಳನ್ನೂ ಕಳೆದುಕೊಂಡ ಟೇಲರ್‌ರಿಗೆ ಉಳಿದವರು ಇಬ್ಬರು ಹೆಣ್ಣುಮಕ್ಕಳು. ಅವರು ಇಂಗ್ಲೆಂಡಿನ ಬಂಧುಗಳ ಕಡೆ ಬೆಳೆದರು. ತಂದೆ ಇಲ್ಲಿ ಒಂಟಿಯಾದರು. ಮತ್ತೆ ಮದುವೆಯಾಗಲಿಲ್ಲ.

ಅಪ್ಪಾ ಎಂದು ಕರೆದ ಮಗ

ಆ ಹೊತ್ತಿಗೆ ಅವರು ಸುರಪುರದಲ್ಲಿದ್ದರು. ಬೇಡ ನಾಯಕರ ಆ ಸಂಸ್ಥಾನದಲ್ಲಿ ದೊರೆ ಕೃಷ್ಣಪ್ಪ ನಾಯಕರು ತೀರಿಹೋಗಿ, ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನವರಿಗೂ ಆಡಳಿತಕ್ಕೂ ತಿಕ್ಕಾಟ ಬೇರೆ. ಟೇಲರ್ 1841ರಲ್ಲಿ ಅಲ್ಲಿಗೆ ಹೋಗಿ 1853ರವರೆಗೆ ಸಂಸ್ಥಾನವನ್ನು ನಡೆಸಿದರು. ಕೆರೆಗಳನ್ನು ದುರಸ್ತಿ ಮಾಡಿಸಿದರು, ಸಾಲ ತೀರಿಸಿದರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಮನೆಯನ್ನು ಜನ ಈಗಲೂ ಟೇಲರ್ ಮಂಜಿಲ್ ಎನ್ನುತ್ತಾರೆ. ತಂದೆಯಿಲ್ಲದ ಬಾಲಕ ದೊರೆ ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದ.

1853ರಲ್ಲಿ ದೊರೆಗೆ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಬಂದರು. ನಿಜಾಮರು ಆ ವರ್ಷದ ಒಪ್ಪಂದದಂತೆ ಬಿಟ್ಟುಕೊಟ್ಟ ಜಿಲ್ಲೆ ಇದು. ಒಂದು ಬದಿಗೆ ಕಂಪನಿಯ ಸೊಲ್ಲಾಪುರ, ಇನ್ನೊಂದು ಬದಿಗೆ ಭೋಸಲೆ ಅರಸರ ಅಕ್ಕಲಕೋಟೆ. ಇಲ್ಲಿ ಅವರು ರೈತರ ಜಮೀನು ಅಳೆಯಿಸಿ ಕಂದಾಯ ಗೊತ್ತುಮಾಡುವ ಕೆಲಸಕ್ಕೆ ಕೈಹಾಕಿದರು. ಹವೆ ಹಿಡಿಸಿದ ತುಳಜಾಪುರದಲ್ಲಿ ಬಂಗಲೆ ಕಟ್ಟಿಸಿಕೊಂಡರು. ಆ ಊರೇ ಮುಂದೆ 1863ರಲ್ಲಿ ಬಂದ ಅವರ ತಾರಾ ಕಾದಂಬರಿಯ ನೆಲವಾಯಿತು.

1857ರ ದಂಗೆಯಲ್ಲಿ ಅವರನ್ನು ಬೀರಾರಿಗೆ ಕಳಿಸಿದರು. ಅದೇ ಹೊತ್ತಿಗೆ ಸುರಪುರದ ದೊರೆ ಇಂಗ್ಲಿಷರ ವಿರುದ್ಧ ಎದ್ದ. 1858ರಲ್ಲಿ ಸೋತು, ಹೈದರಾಬಾದಿನಲ್ಲಿ ಸೆರೆಯಾದ. ಟೇಲರ್ ಸೆರೆಮನೆಗೆ ಹೋಗಿ ನೋಡಿದರು. ಮರಣದಂಡನೆ ಕಡಿಮೆಯಾಗಿ, ಕಡೆಗೆ ನಾಲ್ಕು ವರ್ಷ ಚೆಂಗಲ್ಪಟ್ಟಿನಲ್ಲಿ ಸೆರೆವಾಸ ಎಂದಾಯಿತು. ಹೋಗುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಆ ತರುಣ ಸತ್ತ. ಅವನಿಗಿನ್ನೂ ಇಪ್ಪತ್ನಾಲ್ಕು ತುಂಬಿರಲಿಲ್ಲ. ಅವನ ಸಂಸ್ಥಾನದ ಆಡಳಿತವನ್ನು ಮತ್ತೆ ನೋಡಿಕೊಳ್ಳಲು ಸರಕಾರ ಕಳಿಸಿದ್ದು ಟೇಲರ್ ಅವರನ್ನೇ. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು.

ಇಲ್ಲಿ ನಾವು ಟೇಲರ್ ಅವರನ್ನು ಹೊಗಳಿ ಮುಗಿಸಲಾರೆವು. ಅಪ್ಪಾ ಎಂದು ಕರೆಸಿಕೊಂಡವರು ಆಳುವ ಸರಕಾರದ ನೌಕರರೂ ಆಗಿದ್ದರು. ಎರಡೂ ನಿಜ. ಮಗನ ಸ್ಥಾನದಲ್ಲಿದ್ದವನು ಬಂಡೆದ್ದಾಗ ಅವರು ಸರಕಾರದ ಕಡೆಯೇ ನಿಂತರು. ಅವನ ಸಾವಿನ ನೋವನ್ನು ಮಾತ್ರ ಅವರು ಮುಚ್ಚಿಡಲಿಲ್ಲ. ತಮ್ಮ ಆತ್ಮಕಥೆಯಲ್ಲಿ ಆ ಕಥೆಯನ್ನು ವಿವರವಾಗಿ ಬರೆದರು.

ಕೊನೆಯ ದಿನಗಳು

1860ರಲ್ಲಿ ಆರೋಗ್ಯ ಕೆಟ್ಟು ಅವರು ತಾಯ್ನಾಡಿಗೆ ಮರಳಿದರು. ಬರೆಯುವುದನ್ನು ಬಿಡಲಿಲ್ಲ. ವಿಜಾಪುರ ಮತ್ತು ಧಾರವಾಡದ ಕಟ್ಟಡಗಳ ಚಿತ್ರಸಂಪುಟಗಳಿಗೆ ಚರಿತ್ರೆ ಬರೆದರು. ಚಾಂದ್ ಬೀಬಿಯ ಕುರಿತಾದ ಎ ನೋಬಲ್ ಕ್ವೀನ್ ಕಾದಂಬರಿಯಲ್ಲಿ ಮುದಗಲ್ಲಿನ ಕಥೋಲಿಕ ಸಮುದಾಯವನ್ನೂ ಅಲ್ಲಿನ ಪೋರ್ಚುಗೀಸ್ ಗುರುವನ್ನೂ ತಂದರು. ಆದಿಲ್‌ಶಾಹಿ ಕಾಲದಿಂದ ಕನ್ನಡದಲ್ಲಿ ಬಾಳಿದ ಆ ವಿಶ್ವಾಸಿಗಳು ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಬಂದರೆಂಬುದು ನಮಗೆ ಸಂತೋಷದ ವಿಷಯ. ಕಣ್ಣು ಮಂಜಾದ ಮೇಲೂ 1875ರಲ್ಲಿ ಒಮ್ಮೆ ಹೈದರಾಬಾದಿಗೆ ಬಂದುಹೋದರು. ಊರಿಗೆ ಮರಳುವಾಗ ಫ್ರಾನ್ಸಿನ ಮಾಂತೋನ್ ಎಂಬಲ್ಲಿ 1876ರ ಮೇ 13ರಂದು ತೀರಿಕೊಂಡರು. ಮರುವರ್ಷ ಅವರ ಆತ್ಮಕಥೆಯನ್ನು ಸಿದ್ಧಪಡಿಸಿ ಹೊರತಂದವರು ಮಗಳು ಆಲಿಸ್, ಫೈಜ್ ಬಕ್ಷ್ ಬೇಗಂ ಅವರ ಮರಿಮಗಳು.

ನಮಗೆ ತೋರುವುದು

ವಂಶಾವಳಿ ಎಂದರೆ ಅಪ್ಪ, ಅಜ್ಜ, ಮುತ್ತಜ್ಜ ಎಂದು ಗಂಡಸರ ಹೆಸರು ಬರೆಯುವುದು ರೂಢಿ. ಈ ಮನೆತನದ ಕಥೆಯನ್ನು ಹಾಗೆ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಮೆಡೋಸ್ ಎಂಬ ಹೆಸರು ತಂದವಳು ಒಬ್ಬ ಸೊಸೆ. ಭಾರತದ ರಕ್ತ ತಂದವಳು ಇನ್ನೊಬ್ಬಳು. ಕಥೆಯನ್ನು ಉಳಿಸಿಕೊಟ್ಟವಳು ಮಗಳು. ಅಪ್ಪಾ ಎಂದು ಕರೆದ ಸುರಪುರದ ಹುಡುಗನಿಗಂತೂ ಯಾವ ವಂಶವೃಕ್ಷದಲ್ಲೂ ಜಾಗವಿಲ್ಲ.

ಮರಾಠಿ, ಕನ್ನಡ, ತೆಲುಗು, ಕೊಂಕಣಿ ಎಲ್ಲ ಕೇಳಿಬರುವ ಧರ್ಮಪ್ರಾಂತ್ಯ ನಮ್ಮದು. ಅಜ್ಜಿ ಅಕ್ಕಲಕೋಟೆಯ ಕನ್ನಡತಿ, ಸೊಸೆ ಮರಾಠಿಯವಳು, ಅಳಿಯ ತೆಲುಗಿನವನು ಎಂಬ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಎರಡು ತಲೆಮಾರು ದಾಟಿದರೆ ಅಜ್ಜಿಯ ತವರೂರು ಯಾವುದೆಂದು ಹೇಳುವವರಿರುವುದಿಲ್ಲ. ಹಿರಿಯರು ಇರುವಾಗಲೇ ಕೇಳಿ ಬರೆದಿಡೋಣ. ತಾಯಿಯ ಕಡೆಯ ಹೆಸರುಗಳನ್ನೂ ಬಿಡದೆ ಬರೆಯೋಣ. ಜ್ಞಾನಸ್ನಾನದ ದಾಖಲೆಯಲ್ಲಿ ಹೆತ್ತವರ ಹೆಸರಿನ ಪಕ್ಕದಲ್ಲೇ ಜ್ಞಾನತಂದೆ, ಜ್ಞಾನತಾಯಿಯರ ಹೆಸರಿಗೂ ಒಂದು ಜಾಗವಿದೆ. ರಕ್ತಸಂಬಂಧವಿಲ್ಲದಿದ್ದರೂ ಮಗುವಿನ ಹೊಣೆ ಹೊತ್ತವರು ಅವರು. ಮನೆಯಲ್ಲಿ ಬರೆದಿಡುವ ಪುಸ್ತಕದಲ್ಲೂ ಅವರಿಗೆ ಒಂದು ಸಾಲು ಇರಲಿ.