ಹಿಂದಿನ ಕಾಲದ ಮಕ್ಕಳಿಗೆ ಖಿನ್ನತೆ, ಆತಂಕ ಇರಲಿಲ್ಲವೇ? ರಾಜಕೋಟದ ಮೋಹನನ ಕಥೆ ಕೇಳಿ

ವಾಡಿ ಹತ್ತಿರದ ರಾವೂರದ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಹಿಂದಿನ ಕಾಲದ ಮಕ್ಕಳಿಗೆ ಖಿನ್ನತೆ, ಆತಂಕ ಯಾವುದೂ ಇರಲಿಲ್ಲ, ಇದೆಲ್ಲ ಮೊಬೈಲ್ ತಂದ ರೋಗ, ನಾಲ್ಕು ಏಟು ಕೊಟ್ಟರೆ ಸರಿಹೋಗುತ್ತದೆ ಎಂಬುದು ಅದರ ಸಾರ. ಕೆಳಗೆ ಧೈರ್ಯಕ್ಕೆ ಮಾದರಿ ಎಂದು ಗಾಂಧೀಜಿ ಫೋಟೊ ಬೇರೆ! ಫೋಟೊ ಹಾಕಿದವರು ಗಾಂಧೀಜಿಯ ಆತ್ಮಕಥೆ ಓದಿದಂತಿಲ್ಲ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ ಬೆಳೆದದ್ದು ರಾಜಕೋಟದಲ್ಲಿ. ಮೊಬೈಲ್ ಹಾಗಿರಲಿ, ಮನೆಯಲ್ಲಿ ಕರೆಂಟೂ ಇಲ್ಲದ ಕಾಲ. ಹುಡುಗನಿಗೆ ಕತ್ತಲೆಂದರೆ ಭಯ, ಹಾವು, ಕಳ್ಳರು, ದೆವ್ವ ಎಂದರೂ ಭಯ. ದೀಪ ಇಲ್ಲದೆ ಮಲಗುತ್ತಿರಲಿಲ್ಲ. ಯಾರಾದರೂ ಗೇಲಿ ಮಾಡಿಯಾರು ಎಂದು ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುತ್ತಿದ್ದ. 13ನೇ ವಯಸ್ಸಿಗೆ ಮದುವೆಯೂ ಆಯಿತು.

ಅದೇ ಸುಮಾರಿಗೆ ಅವನೂ ಒಬ್ಬ ಸಂಬಂಧಿ ಹುಡುಗನೂ ಕದ್ದು ಬೀಡಿ ಸೇದಲು ಕಲಿತರು. ದೊಡ್ಡವರ ಅಪ್ಪಣೆ ಇಲ್ಲದೆ ಏನೂ ಮಾಡುವಂತಿಲ್ಲ ಎಂಬ ಬೇಸರ ಎಷ್ಟು ಬೆಳೆಯಿತೆಂದರೆ, ಇಬ್ಬರೂ ಸಾಯಲು ನಿರ್ಧರಿಸಿದರು. ಹೇಗೆ ಎಂಬುದನ್ನು ನಾವು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಕೊನೇ ಗಳಿಗೆಯಲ್ಲಿ ಹಿಂದೆ ಸರಿದು, ಗುಡಿಗೆ ಹೋಗಿ ಮನಸ್ಸು ಸಮಾಧಾನ ಮಾಡಿಕೊಂಡರು. ಮನೆಯವರ ಕಣ್ಣಿಗೆ ಕಾಣುವ ಕಾರಣ ಎಷ್ಟು ಚಿಕ್ಕದು ನೋಡಿ. ಇವತ್ತೂ ಹಾಗೇ. ಕಾರಣ ಚಿಕ್ಕದೆಂದು ನೋವೂ ಚಿಕ್ಕದಾಗಿರಬೇಕಿಲ್ಲ.

15ರ ಪ್ರಾಯದಲ್ಲಿ ಅಣ್ಣನ ಕಡಗದಿಂದ ಒಂದು ಚೂರು ಚಿನ್ನ ಕದ್ದ. ತಪ್ಪಿನ ಭಾರ ತಡೆಯಲಾಗದೆ ಎಲ್ಲವನ್ನೂ ಚೀಟಿಯಲ್ಲಿ ಬರೆದು, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗಿತ್ತ. ತಂದೆ ಹೊಡೆಯಲಿಲ್ಲ, ಬೈಯಲಿಲ್ಲ. ಓದಿ ಕಣ್ಣೀರಿಟ್ಟು ಚೀಟಿ ಹರಿದುಹಾಕಿದರು. ನಾಲ್ಕು ಏಟಿನ ಫಾರ್ವರ್ಡ್‌ನಲ್ಲಿ ಗಾಂಧೀಜಿಯ ಫೋಟೊ ಇರುವುದು ನಮಗೆ ವಿಚಿತ್ರ ಅನಿಸಿದ್ದು ಇದಕ್ಕೇ. 1885ರಲ್ಲಿ ಆ ತಂದೆ ತೀರಿಕೊಂಡರು. ಕಾಲು ಒತ್ತುತ್ತಿದ್ದ ಮೋಹನ ಮಲಗಲು ಎದ್ದುಹೋದ ಸ್ವಲ್ಪ ಹೊತ್ತಿನಲ್ಲೇ. ಕೊನೇ ಗಳಿಗೆಯಲ್ಲಿ ಹತ್ತಿರ ಇರಲಿಲ್ಲವೆಂಬ ಕೊರಗು ಅವರನ್ನು ಬಹುಕಾಲ ಬಿಡಲಿಲ್ಲ.

ಗಾಂಧೀಜಿಗೆ ಖಿನ್ನತೆ ಎಂಬ ಕಾಯಿಲೆ ಇತ್ತು ಎಂದು ನಾವು ಹೇಳುತ್ತಿಲ್ಲ. ಸತ್ತವರಿಗೆ ರೋಗದ ಹೆಸರು ಅಂಟಿಸುವುದು ಸರಿಯಲ್ಲ. ಆದರೆ ಜನರ ಎದುರು ನಿಲ್ಲುವ ಭಯ ಅವರ ಜೊತೆ ಲಂಡನ್ನಿಗೂ ಹೋಯಿತು. ಅಲ್ಲಿ ಸಸ್ಯಾಹಾರಿಗಳ ಸಂಘದಲ್ಲಿ ಅವರು ಬರೆದ ಭಾಷಣವನ್ನು ಇನ್ನೊಬ್ಬರು ಓದಬೇಕಾಯಿತು. ವಕೀಲರಾಗಿ ಬಂದ ಮೇಲೆ ಬೊಂಬಾಯಿ ಕೋರ್ಟಿನ ಮೊದಲ ಕೇಸಿನಲ್ಲಿ ತಲೆ ತಿರುಗಿ, ಬಾಯಿ ಕಟ್ಟಿ ಕುಳಿತುಬಿಟ್ಟರು. ಫೀಸು ವಾಪಸ್ ಕೊಟ್ಟರು.

ಭಯ ಹುಟ್ಟಿಸುವುದರಿಂದ ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದರೆ ಮುಂದಿನ ಸಲ ಭಯ ಇನ್ನೂ ದೊಡ್ಡದಾಗುತ್ತದೆ. ಅದಕ್ಕೇ ಮನೋವೈದ್ಯರು ಒಂದೊಂದೇ ಮೆಟ್ಟಿಲಾಗಿ ಅದನ್ನು ಎದುರಿಸಲು ಕಲಿಸುತ್ತಾರೆ. ಗಾಂಧೀಜಿಗೆ ಅಂಥ ಮೆಟ್ಟಿಲು ಸಿಕ್ಕಿದ್ದು 1893ರಲ್ಲಿ, ಪ್ರಿಟೋರಿಯಾದಲ್ಲಿ. ಅಲ್ಲಿನ ಭಾರತೀಯ ವ್ಯಾಪಾರಿಗಳ ಸಣ್ಣ ಸಭೆಯಲ್ಲಿ, ಚೆನ್ನಾಗಿ ತಯಾರಾಗಿ, ವ್ಯಾಪಾರದಲ್ಲಿ ಸತ್ಯದ ಬಗ್ಗೆ ಮಾತಾಡಿದರು.

1927ರಲ್ಲಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಕುಸಿದಾಗ, ವೈದ್ಯರ ಮಾತು ಕೇಳಿ ನಮ್ಮ ನಂದಿಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು. ಗಾಂಧಿ ಹೇಡಿ ಎಂದು ಯಾರೂ ಅನ್ನಲಿಲ್ಲ. ದೇಹ ಕುಸಿದರೆ ರಜೆ, ಮನಸ್ಸು ಕುಸಿದರೆ ಮಾತ್ರ ಏಟು ಯಾಕೆ?

ಹಾಗಾಗಿ ಫಾರ್ವರ್ಡ್ ಸುಳ್ಳು. ಮೊಬೈಲ್ ನಿದ್ದೆ ಕೆಡಿಸಬಹುದು, ಚುಡಾಯಿಸುವವರನ್ನು ಮನೆಯೊಳಗೇ ತರಬಹುದು, ಆದರೆ ಹರೆಯದ ನೋವನ್ನು ಅದು ಹುಟ್ಟುಹಾಕಲಿಲ್ಲ. ನಿಮ್ಮ ಮಗ ಅಥವಾ ಮಗಳು ಎರಡು ವಾರಕ್ಕೂ ಹೆಚ್ಚು ಕಾಲ ಮಂಕಾಗಿದ್ದರೆ, ಸಿಡುಕುತ್ತಿದ್ದರೆ, ಊಟ-ನಿದ್ದೆ ಏರುಪೇರಾಗಿದ್ದರೆ, ಇಷ್ಟದ ಆಟವೂ ಬೇಡವಾಗಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಎರಡು ವಾರ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹುಡುಗರೇ ನೇರವಾಗಿ ಕರೆ ಮಾಡಬಹುದು.