ಆಂಟನ್ ಡಿ ಬ್ಯಾರಿ

ಬೆಳೆಗೆ ರೋಗ ಬಂದಾಗ ಕಾರಣವೇನೆಂದು ಕೇಳಿದರೆ ನಮ್ಮ ಹಳ್ಳಿಯ ಹಿರಿಯರು ಗಾಳಿಯನ್ನೋ ಮಂಜನ್ನೋ ಗ್ರಹಚಾರವನ್ನೋ ಹೇಳುವುದುಂಟು. ಸುಮಾರು ನೂರೆಪ್ಪತ್ತು ವರ್ಷಗಳ ಹಿಂದೆ ಯೂರೋಪಿನ ಪಂಡಿತರಲ್ಲಿ ಅನೇಕರು ಹೇಳುತ್ತಿದ್ದುದೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಗಿಡದ ರಸ ಕೆಟ್ಟು ರೋಗ ಬರುತ್ತದೆ, ಆ ಕೊಳೆತದಲ್ಲಿ ಬೂಷ್ಟು ತಾನಾಗಿ ಹುಟ್ಟುತ್ತದೆ ಎಂಬುದು ಅವರ ಮತ. ರೋಗದಿಂದ ಬೂಷ್ಟಲ್ಲ, ಬೂಷ್ಟಿನಿಂದ ರೋಗ ಎಂಬುದನ್ನು ಪ್ರಯೋಗದ ಮೂಲಕ ನಿಸ್ಸಂಶಯವಾಗಿ ತೋರಿಸಿಕೊಟ್ಟ ಮಹನೀಯರು ಜರ್ಮನಿಯ ಆಂಟನ್ ಡಿ ಬ್ಯಾರಿ.

ಅವರು ಹುಟ್ಟಿದ್ದು 1831ರ ಜನವರಿ 26ರಂದು, ಫ್ರಾಂಕ್‌ಫರ್ಟ್ ನಗರದಲ್ಲಿ. ತಂದೆ ವೈದ್ಯರು, ಮಗನೂ ವೈದ್ಯಶಾಸ್ತ್ರವನ್ನೇ ಓದಿ 1853ರಲ್ಲಿ ಬರ್ಲಿನ್‌ನಲ್ಲಿ ಪದವಿ ಪಡೆದರು. ಅದೇ ವರ್ಷ ಕಾಡಿಗೆ ಮತ್ತು ತುಕ್ಕು ರೋಗಗಳ ಶಿಲೀಂಧ್ರಗಳನ್ನು ಕುರಿತು ಅವರ ಗ್ರಂಥ ಹೊರಬಂದಿತು. ಆಗ ಅವರಿಗೆ 22 ವರ್ಷ. ನಮ್ಮ ತರಗತಿಯಲ್ಲಿ ಕುಳಿತಿರುವವರಿಗಿಂತ ಎರಡೇ ವರ್ಷ ದೊಡ್ಡವರು! ಕೆಲಕಾಲ ವೈದ್ಯವೃತ್ತಿ ನಡೆಸಿ, ಅದನ್ನು ಬಿಟ್ಟು, ಟ್ಯೂಬಿಂಗನ್, ಫ್ರೈಬರ್ಗ್, ಹಾಲೆ ನಗರಗಳಲ್ಲಿ ಸಸ್ಯಶಾಸ್ತ್ರ ಬೋಧಿಸಿದರು. 1872ರಲ್ಲಿ ಸ್ಟ್ರಾಸ್‌ಬರ್ಗ್‌ನ ಹೊಸ ಜರ್ಮನ್ ವಿಶ್ವವಿದ್ಯಾನಿಲಯಕ್ಕೆ ಮೊದಲನೆಯ ರೆಕ್ಟರ್ ಆದರು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ತಗಲಿತು. ಆಲೂಗಡ್ಡೆಯೊಂದನ್ನೇ ತಿಂದು ಬದುಕುತ್ತಿದ್ದ ಬಡಜನ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷದಷ್ಟು ಸತ್ತರು. ಮತ್ತೆ ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಇದು ಬೂಷ್ಟಿನ ಕೆಲಸವೆಂದು ಇಂಗ್ಲೆಂಡಿನ ಪಾದ್ರಿ ಬರ್ಕ್ಲಿಯವರು 1846ರಲ್ಲೇ ಹೇಳಿದ್ದರು. ನಂಬಿದವರು ಕಡಮೆ. 1861ರಲ್ಲಿ ಡಿ ಬ್ಯಾರಿಯವರು ಆ ಬೂಷ್ಟಿನ ಬೀಜಕಗಳನ್ನು ಆರೋಗ್ಯವಾದ ಎಲೆಗಳ ಮೇಲೆ ಬಿತ್ತಿ, ಅವು ಮೊಳೆತು ಎಲೆಯೊಳಕ್ಕೆ ಇಳಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದರು. ಬೀಜಕ ಬಿದ್ದ ಗಿಡ ಕೊಳೆಯಿತು, ಬೀಳದ ಗಿಡ ಉಳಿಯಿತು. ನೀರಿನ ಹನಿಯಲ್ಲಿ ಬೀಜಕೋಶ ಒಡೆದು ಈಜುವ ಮರಿಬೀಜಕಗಳು ಹೊರಬರುವುದನ್ನೂ ಅವರು ಗುರುತಿಸಿದರು. ಮಳೆಗಾಲದಲ್ಲಿ ರೋಗ ಏಕೆ ಹಬ್ಬುವುದೆಂಬುದು ಇದರಿಂದ ತಿಳಿಯಿತು. 1876ರಲ್ಲಿ ಅದಕ್ಕೆ ಫೈಟಾಫ್ತೊರಾ, ಎಂದರೆ ಸಸ್ಯನಾಶಕ, ಎಂಬ ಹೆಸರಿಟ್ಟರು. ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕಾರಣವಾದುದೂ ಈ ಕುಲದ್ದೇ. (ಈಗಿನ ಶಾಸ್ತ್ರಜ್ಞರು ಈ ಕುಲವನ್ನು ನಿಜವಾದ ಶಿಲೀಂಧ್ರಗಳಿಂದ ಬೇರೆ ಮಾಡಿ ಕಂದು ಪಾಚಿಗಳ ಸಮೀಪಕ್ಕೆ ಸೇರಿಸಿದ್ದಾರೆ.)

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತುಕ್ಕುರೋಗದ ಕಥೆ. ಬಾರ್ಬೆರಿ ಎಂಬ ಮುಳ್ಳುಪೊದೆ ಬೇಲಿಯಲ್ಲಿದ್ದರೆ ಪಕ್ಕದ ಗೋದಿಗೆ ತುಕ್ಕು ಹಿಡಿಯುತ್ತದೆಂದು ಪಶ್ಚಿಮದ ರೈತರು ಬಹುಕಾಲದಿಂದ ನಂಬಿದ್ದರು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1726ರಲ್ಲಿ ಆ ಪೊದೆಯನ್ನು ಕೀಳಿಸಲು ಕಾನೂನೇ ಆಯಿತು. 1816ರಲ್ಲಿ ಡೆನ್ಮಾರ್ಕಿನ ಶಾಲಾ ಉಪಾಧ್ಯಾಯ ಶೋಲರ್ ತುಕ್ಕು ಹಿಡಿದ ಬಾರ್ಬೆರಿ ಎಲೆಗಳನ್ನು ರೈ ಪೈರಿನ ಮೇಲೆ ಉಜ್ಜಿ ರೋಗ ಬರಿಸಿದರು. ವಿದ್ವಾಂಸರು ಒಪ್ಪಲಿಲ್ಲ. ಬಾರ್ಬೆರಿಯ ಮೇಲಿನ ಹಳದಿ ಬಟ್ಟಲುಗಳೇ ಬೇರೆ, ಪೈರಿನ ಕೆಂಪು ತುಕ್ಕೇ ಬೇರೆ, ಎರಡಕ್ಕೂ ಬೇರೆ ಬೇರೆ ಹೆಸರಿರುವಾಗ ಸಂಬಂಧವೆಲ್ಲಿಯದು? ಅಕ್ಷರ ಬಾರದವರ ಮಾತೆಂದು ತಳ್ಳಿಹಾಕುವುದು ಸುಲಭ. ಡಿ ಬ್ಯಾರಿಯವರು ತಳ್ಳಿಹಾಕಲಿಲ್ಲ, ಹಾಗೆಂದು ಸುಮ್ಮನೆ ಒಪ್ಪಲೂ ಇಲ್ಲ. 1864-65ರಲ್ಲಿ, ಚಳಿಗಾಲ ಕಳೆದ ಕಪ್ಪು ಬೀಜಕಗಳನ್ನು ಮೊಳೆಯಿಸಿ ಬಾರ್ಬೆರಿ ಎಲೆಗೆ ಹಾಕಿದರು. ಹಳದಿ ಬಟ್ಟಲುಗಳು ಮೂಡಿದವು. ಬಟ್ಟಲಿನ ಪುಡಿಯನ್ನು ರೈ ಸಸಿಗಳಿಗೆ ಹಾಕಿದರು, ತುಕ್ಕು ಬಂತು. ಒಂದೇ ಶಿಲೀಂಧ್ರ, ಎರಡು ಮನೆಗಳಲ್ಲಿ ಎರಡು ವೇಷ! ರೈತರ ಮಾತು ಗೆದ್ದಿತು.

ಪರಾವಲಂಬನೆಯೊಂದನ್ನೇ ಅವರು ನೋಡಿದವರಲ್ಲ. ಬೇರೆ ಬೇರೆ ಜಾತಿಯ ಜೀವಿಗಳು ಕೂಡಿ ಬಾಳುವುದಕ್ಕೆ ಸಿಂಬಯೋಸಿಸ್ ಎಂಬ ಮಾತನ್ನು 1879ರ ಹೊತ್ತಿಗೆ ಶಾಸ್ತ್ರದಲ್ಲಿ ನೆಲೆಗೊಳಿಸಿದರು. ಅವರಲ್ಲಿ ಕಲಿತವರೂ ಸಾಮಾನ್ಯರಲ್ಲ. ಶಿಷ್ಯ ಮಿಲಾರ್ಡೆ ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಒಂದು ವಿಚಿತ್ರ ಕಂಡರು: ಕಳ್ಳರು ಹಣ್ಣು ಮುಟ್ಟದಂತೆ ದಾರಿಯ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತ ಸುಣ್ಣ ಬಳಿದಿದ್ದರು, ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ತಗಲಿರಲಿಲ್ಲ. 1885ರಲ್ಲಿ ಪ್ರಕಟವಾದ ಬೋರ್ಡೋ ದ್ರಾವಣ ಹುಟ್ಟಿದ್ದು ಹೀಗೆ. ಮೈಸೂರು ಸಂಸ್ಥಾನದಲ್ಲಿ ಡಾ. ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ಮಲೆನಾಡಿನಲ್ಲಿ ಇಂದಿಗೂ ಮಳೆಗಾಲದಲ್ಲಿ ಗೊನೆಗಳಿಗೆ ಹೊಡೆಯುವುದು ಅದನ್ನೇ.

ಕೊನೆಗಾಲದಲ್ಲಿ ಡಿ ಬ್ಯಾರಿಯವರನ್ನು ಕಾಡಿದ್ದು ಬೂಷ್ಟು ಗಿಡವನ್ನು ಕೊಲ್ಲುವುದು ಹೇಗೆಂಬ ಪ್ರಶ್ನೆ. ಸ್ಕ್ಲೆರೊಟೀನಿಯಾ ಎಂಬ ಶಿಲೀಂಧ್ರವು ತಾನು ಸ್ರವಿಸುವ ರಸದಿಂದ ಗಿಡದ ಕೋಶಗಳನ್ನು ಮೊದಲು ಸಾಯಿಸಿ ಆಮೇಲೆ ಒಳಹೊಗುತ್ತದೆಂದು 1886ರಲ್ಲಿ ಬರೆದರು. 1888ರ ಜನವರಿ 19ರಂದು ದವಡೆಯ ಗಂತಿಯಿಂದ ಸ್ಟ್ರಾಸ್‌ಬರ್ಗ್‌ನಲ್ಲಿ ತೀರಿಕೊಂಡರು. 57 ತುಂಬಲು ಒಂದು ವಾರ ಉಳಿದಿತ್ತು.

ಅವರ ಪ್ರಶ್ನೆ ಉಳಿಯಿತು. ಅಮೆರಿಕದ ಫ್ಲೋರ್ ಎಂಬ ವಿಜ್ಞಾನಿ ಅಗಸೆಯ ತುಕ್ಕುರೋಗವನ್ನು ಪರೀಕ್ಷಿಸಿ, ಗಿಡದಲ್ಲಿ ರೋಗ ತಡೆಯುವ ಒಂದೊಂದು ವಂಶವಾಹಿಗೂ ಶಿಲೀಂಧ್ರದಲ್ಲಿ ಅದಕ್ಕೆ ಜೋಡಿಯಾದ ಒಂದು ವಂಶವಾಹಿ ಇರುತ್ತದೆಂದು 1940ರ ದಶಕದಿಂದ ತೋರಿಸುತ್ತ ಬಂದರು. 2009ರಲ್ಲಿ ಆಲೂಗಡ್ಡೆಯ ಆ ಸಸ್ಯನಾಶಕದ ವಂಶವಾಹಿಗಳನ್ನೆಲ್ಲ ಓದಿದಾಗ, ಗಿಡದ ಕೋಶದೊಳಕ್ಕೆ ನುಗ್ಗಿ ಅದರ ಕಾವಲನ್ನು ಕೆಡಿಸುವ ಸಾಮರ್ಥ್ಯವುಳ್ಳ ಪ್ರೋಟೀನುಗಳಿಗೆಂದೇ ಐನೂರಕ್ಕೂ ಹೆಚ್ಚು ವಂಶವಾಹಿಗಳು ಕಂಡವು. ಅವು ಇರುವುದು ಬೇಗ ಬೇಗ ಬದಲಾಗುವ ಭಾಗಗಳಲ್ಲಿ. ಮೆಕ್ಸಿಕೋದ ಕಾಡು ಆಲೂಗಡ್ಡೆಯಿಂದ ರೋಗನಿರೋಧಕ ಶಕ್ತಿ ತಂದು ಬೆಳೆಸಿದ ತಳಿಗಳು ಒಂದಾದಮೇಲೊಂದು ಅದಕ್ಕೆ ಸೋತದ್ದು ಈ ಕಾರಣದಿಂದಲೇ.